ಎಮ್ಮೆ ಮಲಗಿದ್ದ ಬೆಚ್ಚನೆಯ ನೆಲ

ನನಗೆ ಬೆಚ್ಚಗಿರುವ ನೆಲ ಕಂಡರೆ ಆಗುವುದಿಲ್ಲ. ಇಲ್ಲಿ ಹುಕ್ಕೇರಿಯಲ್ಲಿ ಚಳಿಗಾಲದ ಬೆಳಗ್ಗೆ ಸೊಸೆ ಅಂಗಳದ ಬಿಸಿಲಿನಲ್ಲಿ ಚಾಪೆ ಹಾಸಿ, ನೆಲ ಕಾದಿದೆ ಬನ್ನಿ ಅತ್ತೆ, ಕೂತುಕೊಳ್ಳಿ ಎಂದು ಕರೆದರೆ ಸಿಟ್ಟು ನೆತ್ತಿಗೇರುತ್ತದೆ. ಪಾಪ, ಅವಳದೇನು ತಪ್ಪು. ನಾನು ಕುರ್ಚಿ ತರಿಸಿಕೊಂಡು ಕಾಲು ಮೇಲೆತ್ತಿಕೊಂಡು ಕೂಡುತ್ತೇನೆ. ಜೀವನವಿಡೀ ಶಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ ಮುದುಕಿ, ದಿಮಾಕು ಬಿಟ್ಟಿಲ್ಲ ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನೆಲದ ಕಾವು ಎಲ್ಲಿಂದ ಬರುತ್ತದೆ ಎಂದು ಅವರಿಗೆ ಯಾರೂ ಹೇಳಿಲ್ಲ, ನನಗೆ ಗೊತ್ತಿದೆ, ಅಷ್ಟೇ ವ್ಯತ್ಯಾಸ.

ನಾನು ಹುಟ್ಟಿದ್ದು ಮೂಡಲಗಿಯ ಹತ್ತಿರ ತುಕ್ಕಾನಟ್ಟಿಯಲ್ಲಿ. ನಮ್ಮ ಮನೆಗೆ ಎರಡು ಪಾಲು. ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನಗಳ ಜಾಗ, ಅಲ್ಲಿಂದ ಒಂದು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ. ನಡುವೆ ಗೋಡೆಯಿಲ್ಲ. ದನಗಳು ಮೆಲುಕು ಹಾಕುವ ಸದ್ದು ಕೇಳುತ್ತಲೇ ನಾವು ಊಟ ಮಾಡುತ್ತಿದ್ದೆವು, ನಾವು ಕೆಮ್ಮಿದರೆ ಎತ್ತು ಕಿವಿ ನಿಮಿರಿಸುತ್ತಿತ್ತು. ಮನೆಯಲ್ಲಿದ್ದವರು ಅಪ್ಪ, ಅವ್ವ, ನಾನು, ಮತ್ತು ಅಪ್ಪನ ತಾಯಿ. ಅವಳನ್ನು ನಾನು ಆಯಿ ಎನ್ನುತ್ತಿದ್ದೆ. ಮನೆ ನಡೆಯುತ್ತಿದ್ದುದು ಆಯಿಯ ಕೈಯಲ್ಲಿ. ಯಾರು ಯಾವಾಗ ಎಷ್ಟು ಉಣ್ಣಬೇಕು ಎನ್ನುವುದಕ್ಕೆ ಅವಳದೊಂದು ಕಟ್ಟಳೆ ಇತ್ತು. ಮೊದಲು ದನಗಳ ಬಾಯಿ, ಆಮೇಲೆ ಹೊಲಕ್ಕೆ ಹೋಗುವ ಅಪ್ಪ, ಆಮೇಲೆ ನಾನು, ಆಮೇಲೆ ಅವಳು, ಎಲ್ಲರದೂ ಆದ ಮೇಲೆ ಬುಟ್ಟಿಯ ತಳದಲ್ಲಿ ಉಳಿದ ರೊಟ್ಟಿ ಅವ್ವನಿಗೆ. ಇದನ್ನು ಯಾರೂ ಅನ್ಯಾಯ ಎಂದುಕೊಂಡಿರಲಿಲ್ಲ, ಅವ್ವನೂ ಸಹ. ಹೊಟ್ಟೆ ತುಂಬುವ ವರ್ಷಗಳಲ್ಲಿ ಬುಟ್ಟಿಯ ತಳದಲ್ಲಿ ರೊಟ್ಟಿ ಇದ್ದೇ ಇರುತ್ತಿತ್ತು.

ಅದು ಯುದ್ಧದ ಕಾಲ. ಯುದ್ಧ ಎಲ್ಲಿ ನಡೆದಿದೆ ಎಂದು ನಮ್ಮೂರಿಗೆ ಗೊತ್ತಿರಲಿಲ್ಲ, ಸಂತೆಯಲ್ಲಿ ಕಾಳು ಕಾಣದಂತಾಗಿದ್ದು ಮಾತ್ರ ಗೊತ್ತಿತ್ತು. ಬೆಳೆದವರ ಮನೆಗೆ ಲೇವಿಯವರು ಬಂದು, ಸರಕಾರಕ್ಕೆಂದು ಗೊತ್ತು ಮಾಡಿದ ಪಾಲನ್ನು ಅಳೆದುಕೊಂಡು ಹೋಗುತ್ತಿದ್ದರು. ಆ ಸಲ ಮುಂಗಾರಿ ಜೋಳ ಚೆನ್ನಾಗಿಯೇ ಬಂದಿತ್ತು. ಆದರೆ ತೆನೆ ಮುರಿಯುವ ಹೊತ್ತಿಗೆ ಮೋಡ ಮುಚ್ಚಿ ಹನಿ ಬಿದ್ದು, ರಾಶಿ ಮಾಡಿದಾಗಲೂ ಕಾಳಿನಲ್ಲಿ ಹಸಿ ಇತ್ತು. ಬಿಸಿಲಿಗೆ ಹರವಿ ಚೆನ್ನಾಗಿ ಒಣಗಿಸದೆ ಜೋಳವನ್ನು ಹಗೇವಿಗೆ ಇಳಿಸುವುದಿಲ್ಲ, ಇದು ನಮ್ಮ ಕಡೆಯ ಕೂಸಿಗೂ ಗೊತ್ತು. ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಕುಣಿ. ಬಾಯಿ ಸಣ್ಣದು, ಒಳಗೆ ಹೋದ ಹಾಗೆ ಅಗಲ. ಗೋಡೆಗೆ ಜೋಳದ ಒಣ ದಂಟಿನ ಕಣಿಕೆ ಒತ್ತಿ, ಕಾಳು ಸುರಿದು, ಮೇಲೆ ಹೊಟ್ಟು ಹಾಕಿ, ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ಹಗೇವು ಮನೆಯ ಒಳಗೇ, ದನ ಕಟ್ಟುವ ತಗ್ಗಿನ ನಡುವೆ ಇತ್ತು. ಲೇವಿಯವರು ಪಕ್ಕದ ಊರಿಗೆ ಬಂದಿದ್ದಾರೆಂದು ಸುದ್ದಿ ಬಂದ ದಿನ ಆಯಿ ಅಂಗಳದ ಜೋಳವನ್ನು ಮುಷ್ಟಿಯಲ್ಲಿ ಹಿಡಿದು ಹಲ್ಲಿನಲ್ಲಿ ಕಡಿದು ನೋಡಿದಳು. ಕಟ್ ಎನ್ನಲಿಲ್ಲ, ಮೆತ್ತಗೆ ಚಪ್ಪಟೆಯಾಯಿತು. ಅಪ್ಪ ಇನ್ನೆರಡು ಬಿಸಿಲು ಬೇಕು ಎಂದ. ಎರಡು ಬಿಸಿಲಿನಲ್ಲಿ ಅವರು ಹೊತ್ತುಕೊಂಡು ಹೋಗುತ್ತಾರೆ, ಹಸೀದೋ ಒಣಾದೋ ನಮ್ಮ ಹಗೇವಿನಲ್ಲಿರಲಿ ಎಂದು ಆಯಿ ಹಟ ಹಿಡಿದಳು. ಬಾಗಿಲು ಹಾಕಿಕೊಂಡು ನಾವೇ ಹೊತ್ತು ಹೊತ್ತು ಸುರಿದೆವು. ಲೇವಿಗೆ ಕೊಡುವಷ್ಟನ್ನು ಹೊರಗೆ ಇಟ್ಟು, ಮನೆಖರ್ಚಿಗೆ ಎರಡು ಗಡಿಗೆ ಒಳಗೆ ಇಟ್ಟು, ಉಳಿದದ್ದೆಲ್ಲ ನೆಲದೊಳಗೆ. ಹಗೇವಿನ ಬಾಯಿ ಕಾಣಬಾರದೆಂದು ಆಯಿ ಅದರ ಮೇಲೆ ಎಮ್ಮೆ ಕಟ್ಟಿದಳು. ಲೇವಿಯವರು ಬಂದರು, ಅಳೆದರು, ಹೋದರು. ಎಮ್ಮೆ ಏಳಲೇ ಇಲ್ಲ. ಆ ದಿನ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನೆನಪಿದೆ.

ಅವ್ವ ಆಗ ಬಸುರಿ. ಅಷ್ಟು ಹೊತ್ತದ್ದಕ್ಕೋ ಏನೋ, ತಿಂಗಳು ತುಂಬುವ ಮೊದಲೇ ಹೆತ್ತಳು. ಗಂಡು ಕೂಸು. ನನ್ನ ಎರಡು ಅಂಗೈ ಸೇರಿಸಿದರೆ ಅದರೊಳಗೆ ಹಿಡಿಯುವಷ್ಟಿತ್ತು, ಅಳುವುದಕ್ಕೂ ಶಕ್ತಿಯಿಲ್ಲದೆ ಬೆಕ್ಕಿನ ಮರಿಯಂತೆ ಕುಂಯ್ಗುಟ್ಟುತ್ತಿತ್ತು. ಸತ್ತುಹೋದ ಅಜ್ಜನ ಹೆಸರನ್ನೇ ಅದಕ್ಕಿಟ್ಟರು, ಕಲ್ಲಪ್ಪ. ಆಯಿ ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ಹಾಗಾಗಿ ಮೊಮ್ಮಗನನ್ನು ಯಜಮಾನರು ಎಂದು ಕರೆಯತೊಡಗಿದಳು. ಯಜಮಾನರು ಎದ್ದರೇನು, ಯಜಮಾನರಿಗೆ ಸಿಟ್ಟು ಬಂತೇನು. ಸೂಲಗಿತ್ತಿ ಮಾತ್ರ ಕೂಸನ್ನು ತಿರುವಿ ನೋಡಿ, ಇದಕ್ಕೆ ಒಳಗಿನ ಕಾವು ಸಾಲದು, ಹೊರಗಿನಿಂದ ಕಾವು ಕೊಡಿ ಎಂದು ಹೇಳಿ ಹೋದಳು. ಬಾಣಂತಿಯ ಹೊರಸಿನ ಕೆಳಗೆ ಶೇಗಡಿಯಲ್ಲಿ, ಸಗಣಿ ತಟ್ಟಿ ಒಣಗಿಸಿದ ಕುಳ್ಳಿನ ಕೆಂಡ ಇಟ್ಟರು. ಚಳಿ ಹೆಚ್ಚಾಯಿತು, ಗೋಡೆಗೆ ಒಟ್ಟಿದ ಕುಳ್ಳು ಕಡಿಮೆಯಾಗುತ್ತ ಬಂತು.

ಎಮ್ಮೆಯ ಕೆಳಗಿನ ನೆಲ ಬೆಚ್ಚಗಿರುವುದನ್ನು ಮೊದಲು ಕಂಡವಳು ಆಯಿ. ಸಗಣಿ ಬಾಚಲು ಹೋಗಿ ಅಂಗೈ ಊರಿದವಳು ಊರಿಕೊಂಡೇ ಕೂತಳು. ಎಮ್ಮೆಯ ಮೈಕಾವಿರಬೇಕೆಂದು ಅದನ್ನು ಎಬ್ಬಿಸಿ ಕಟ್ಟಿ ನೋಡಿದರು, ಆಮೇಲೂ ನೆಲ ಬೆಚ್ಚಗೇ ಇತ್ತು. ದಿನದಿಂದ ದಿನಕ್ಕೆ ಹೆಚ್ಚುತ್ತಲೂ ಇತ್ತು. ಆಯಿಗೆ ಖುಷಿಯೋ ಖುಷಿ. ಭೂಮಿತಾಯಿ ಕೋಳಿಯ ಹಾಗೆ ಕಾವಿಗೆ ಕೂತಿದ್ದಾಳೆ, ನಮ್ಮ ಯಜಮಾನರನ್ನು ಉಳಿಸಲಿಕ್ಕೇ ಕೂತಿದ್ದಾಳೆ ಎಂದು ಅಲ್ಲಿಗೆ ವಿಭೂತಿ ಹಚ್ಚಿ ಕೈ ಮುಗಿದಳು. ಎಮ್ಮೆಯನ್ನು ಒಂದು ಮಾರು ಆಚೆ ಸರಿಸಿ, ಆ ಜಾಗಕ್ಕೆ ಹುಲ್ಲು ಹಾಸಿ, ಕೌದಿ ಹಾಕಿ, ಬಾಣಂತಿ ಮತ್ತು ಕೂಸನ್ನು ಅಲ್ಲಿ ಮಲಗಿಸಿದರು. ನಾನೂ ಹೋಗಿ ಅವ್ವನ ಬೆನ್ನಿಗೆ ಅಂಟಿಕೊಂಡು ಮಲಗಿದೆ. ಅಂಥ ಸುಖದ ಹಾಸಿಗೆಯಲ್ಲಿ ನಾನು ಮತ್ತೆಂದೂ ಮಲಗಿಲ್ಲ. ಕೆಳಗಿನಿಂದ ಕಾವು ಸಣ್ಣಗೆ ಬರುತ್ತಿತ್ತು. ಕೂಸಿನ ಉಗುರಿನ ನೀಲಿ ಹೋಗಿ ಕೆಂಪು ಬಂತು. ಒಮ್ಮೊಮ್ಮೆ ಅಂಬಲಿ ಹುಳಿಯಾದಂಥ ವಾಸನೆ ಬಂದರೆ ಎಮ್ಮೆಯದೆಂದು ಸುಮ್ಮನಾದೆವು. ಕುಳ್ಳು ಉಳಿಯಿತೆಂದು ಆಯಿ ಹೊಸದಾಗಿ ತಟ್ಟುವುದನ್ನೂ ಬಿಟ್ಟು, ಸಗಣಿಯನ್ನೆಲ್ಲ ತಿಪ್ಪೆಗೆ ಹಾಕಿಸಿದಳು.

ಒಳಗಿನ ಗಡಿಗೆಗಳ ತಳ ಕಂಡಾಗ ಅಪ್ಪ ಹಗೇವು ತೆಗೆದ. ಮಣ್ಣು ಕೆದರಿ ಕಲ್ಲು ಎಬ್ಬಿಸಿದ ಕೂಡಲೇ ಒಳಗಿನಿಂದ ಹಬೆ ಎದ್ದಿತು, ಅನ್ನದ ಗಡಿಗೆಯ ಮುಚ್ಚಳ ತೆಗೆದಂತೆ. ಹಗೇವಿನ ಗಾಳಿ ಕೆಟ್ಟದ್ದು, ತೆಗೆದ ಕೂಡಲೇ ಇಳಿದವರು ಮೇಲೆ ಬರುವುದಿಲ್ಲ, ಅದಕ್ಕೇ ಮೊದಲು ಹಗ್ಗಕ್ಕೆ ಕಟ್ಟಿ ಕಂದೀಲು ಇಳಿಸುತ್ತಾರೆ. ಕಂದೀಲು ಇಳಿಸಿದರು, ಆರಿತು. ಹೊತ್ತು ಬಿಟ್ಟು ಇಳಿಸಿದರು, ಮತ್ತೆ ಆರಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ದೀಪ ನಿಂತಿತು, ಅಪ್ಪ ಒಳಗೆ ಹೋದ. ಆಮೇಲೆ ಮೇಲೆ ಹತ್ತಿ ಬಂದು ಕೈಯಲ್ಲಿದ್ದ ಗಟ್ಟಿಯನ್ನು ಆಯಿಯ ಮುಂದೆ ಇಟ್ಟ. ಕಪ್ಪಗೆ, ಅಲ್ಲಲ್ಲಿ ಹಸಿರು ಬೂಸು ಹಿಡಿದು, ಇಟ್ಟಿಗೆಯಂತೆ ಕಟ್ಟಿಕೊಂಡಿದ್ದ ಜೋಳ. ಬಿಸಿಯಾಗಿತ್ತು. ಆಯಿ ಅದನ್ನು ಮುರಿದು ಮೂಸಿದಳು, ನಾಲಗೆಗೆ ಇಟ್ಟು ಉಗುಳಿದಳು.

“ಸುಟ್ಟಾವು,” ಎಂದಳು.

“ಯಾರ ಬೆಂಕಿ ಹಚ್ಚ್ಯಾರ ಆಯಿ?” ಎಂದು ನಾನು ಕೇಳಿದೆ.

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಗೋಕಾಕದಲ್ಲಿ ದೊಡ್ಡ ಶಾಲೆ ಓದುವಾಗ. ಪುಸ್ತಕದಲ್ಲಿ ಎರಡೇ ಎರಡು ಸಾಲು. ಕಾಳು ಸತ್ತ ವಸ್ತುವಲ್ಲ, ಅದಕ್ಕೂ ಉಸಿರಿದೆ. ಒಣಗಿದ್ದರೆ ಇದೆಯೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, ಹಸಿಯಿದ್ದರೆ ಜೋರಾಗಿ ಉಸಿರಾಡುತ್ತ, ಬಿಸಿಲಿನಿಂದ ತಾನು ಕೂಡಿಟ್ಟುಕೊಂಡದ್ದನ್ನು ತಾನೇ ಖರ್ಚು ಮಾಡಿ ಕಾವಾಗಿ ಬಿಟ್ಟುಬಿಡುತ್ತದೆ. ಅದರ ಮೇಲೆ ಬೆಳೆಯುವ ಬೂಸೂ ಅದೇ ಕೆಲಸ ಮಾಡುತ್ತದೆ. ನಾವು ಹಾಸಿ ಮಲಗಿದ್ದು ನಮ್ಮ ವರ್ಷದ ಊಟವನ್ನು. ನಮ್ಮ ಬೆನ್ನಿಗೆ ಹಿತವಾಗಿ ತಾಗುತ್ತಿದ್ದುದು ಒಂದೊಂದು ರೊಟ್ಟಿಯೂ ಉರಿದುಹೋಗುವ ಕಾವು. ಎಂಥ ಮೂಳರು ನಾವು, ಅದಕ್ಕೆ ವಿಭೂತಿ ಹಚ್ಚಿ ಕೈ ಮುಗಿದಿದ್ದೆವು.

ಯಾರಿಗೂ ಹೇಳುವಂತಿರಲಿಲ್ಲ, ಅದೇ ದೊಡ್ಡ ಸಂಕಟ. ಹಗೇವಿನ ಕಾಳು ಕೆಟ್ಟಿತು ಎಂದರೆ ಬಚ್ಚಿಟ್ಟಿದ್ದೆವು ಎಂದು ನಾವೇ ಒಪ್ಪಿದಂತೆ. ಎಲ್ಲರ ಮನೆಯಲ್ಲೂ ಲೇವಿಯವರು ಅಳೆದು ಬಿಟ್ಟಷ್ಟೇ ಕಾಳು, ಕೇಳಿದರೆ ಕೊಡುವವರಾದರೂ ಯಾರು? ಅಪ್ಪ ಎತ್ತುಗಳನ್ನು ಹೊಡೆದುಕೊಂಡು ಕೊಣ್ಣೂರಿಗೆ, ಕಬ್ಬಿನ ಗಾಣ ತಿರುಗಿಸುವ ಕೆಲಸಕ್ಕೆ ಹೋದ. ಅಲ್ಲಿ ಅವನಿಗೂ ಎತ್ತುಗಳಿಗೂ ಹೊಟ್ಟೆಗೆ ಸಿಗುತ್ತಿತ್ತು. ಮೂವರು ಹೆಂಗಸರು, ಒಂದು ಕೂಸು, ಒಂದು ಎಮ್ಮೆ ಉಳಿದೆವು. ಹೋಗುವ ಮೊದಲು ಅಪ್ಪ ಹಗೇವಿನ ಕೊಳೆತದ್ದನ್ನೆಲ್ಲ ಮೇಲೆತ್ತಿ ತಿಪ್ಪೆಯ ಅಡಿಗೆ ಹೂತು, ಕುಣಿಯನ್ನು ಮಣ್ಣಿನಿಂದ ತುಂಬಿದ್ದ. ಒಂದು ಬದಿಯ ಗೋಡೆಗೆ ಅಂಟಿದಂತೆ ಸ್ವಲ್ಪ ಕಾಳು ಮಾತ್ರ ಕೆಡದೆ ಉಳಿದಿತ್ತು. ಅದನ್ನು ಆಯಿ ತೊಳೆದು ಒಣಗಿಸಿ ಗಡಿಗೆಗೆ ತುಂಬಿದಳು. ನಮಗಿದ್ದ ಕಾಳು ಅಷ್ಟೇ. ಮಾರನೆಯ ದಿನವೇ ನೆಲ ತಣ್ಣಗಾಯಿತು.

ಅವ್ವನ ಎದೆಯಲ್ಲಿ ಹಾಲು ಬತ್ತುತ್ತ ಬಂದಿತ್ತು. ನಾವು ತಿನ್ನುತ್ತಿದ್ದುದು ಹೊಲದ ಬದುವಿನ ಹತ್ತರಕಿ ಸೊಪ್ಪಿನ ಪಲ್ಲೆ, ಹುರಿದ ಹುಣಸೆಬೀಜ, ನೀರಿನಂಥ ಅಂಬಲಿ. ಎಮ್ಮೆಯ ಹಾಲೂ ಕಡಿಮೆಯಾಗುತ್ತಿತ್ತು. ಆಯಿ ಗಡಿಗೆಯ ಮುಂದೆ ಕೂತು ಯೋಚಿಸಿ ಒಂದು ತೀರ್ಮಾನಕ್ಕೆ ಬಂದಳು. ಉಳಿದ ಜೋಳವನ್ನು ನುಚ್ಚು ಒಡೆದು, ಹತ್ತಿಕಾಳಿನ ಜೊತೆ ಬೇಯಿಸಿ ದಿನವೂ ಎಮ್ಮೆಗೆ ಹಾಕುವುದು, ಅದು ಕೊಟ್ಟ ಹಾಲನ್ನು ಒಳಲೆಯಲ್ಲಿ ಕೂಸಿಗೆ ಕುಡಿಸುವುದು. ನುಚ್ಚು ಬೇಯುವ ವಾಸನೆಗೆ ನನ್ನ ಬಾಯಲ್ಲಿ ನೀರು ಬರುತ್ತಿತ್ತು. ಅದನ್ನು ಎತ್ತಿಕೊಂಡು ಹೋಗಿ ಎಮ್ಮೆಯ ಮುಂದಿನ ಕಲ್ಲಿನ ದೋಣಿಗೆ ಸುರಿಯುವುದನ್ನು ನೋಡುವಾಗ ನನಗೆ ಎಮ್ಮೆಯ ಮೇಲೆ ಕೊಲ್ಲುವಷ್ಟು ಸಿಟ್ಟು ಬರುತ್ತಿತ್ತು. ಎಮ್ಮೆ ಅಷ್ಟನ್ನೂ ನೆಕ್ಕಿ ಮುಗಿಸಿ, ಮೈ ಬಿಸಿ ಮಾಡಿಕೊಂಡು ಮಲಗಿ ಮೆಲುಕು ಹಾಕುತ್ತಿತ್ತು. ಬೆಳಗ್ಗೆ ಹಿಂಡಿದರೆ ಚೊಂಬಿನ ತಳ ಮುಚ್ಚುವಷ್ಟು ಹಾಲು. ಕೂಸು ಅದನ್ನೂ ಅರ್ಧ ಕಕ್ಕುತ್ತಿತ್ತು. ಎಮ್ಮೆ ಹಾಲಿನ ಜಿಡ್ಡು ಅದಕ್ಕೆ ತಡೆಯುತ್ತಿರಲಿಲ್ಲ.

ಒಂದು ದಿನ ಆಯಿ ನುಚ್ಚಿನ ಪಾತ್ರೆ ಎತ್ತಿಕೊಂಡು ಹೊರಟಾಗ ಅವ್ವ ಎದ್ದು ಬಂದು ಅವಳ ದಾರಿಗೆ ಅಡ್ಡ ನಿಂತಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಮುಂದೆ ತಲೆಯೆತ್ತದವಳು ಅವಳು. ಸೆರಗು ಜಾರಿತ್ತು, ಕೊರಳ ಎಲುಬು ಎದ್ದು ಕಾಣುತ್ತಿತ್ತು.

“ಅತ್ತಿ, ಎಮ್ಮಿಗಿ ಹಾಕೂದು ನನಗ ಹಾಕ್ರಿ. ನಾನೂ ಹಾಲ ಕೊಡತೇನಿ.”

ಆಯಿ ಪಾತ್ರೆಯನ್ನು ಸೊಂಟಕ್ಕೆ ಒತ್ತಿ ಹಿಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಎಮ್ಮಿಗಿ ಹಾಕಿದ್ರ ಚೊಂಬಿನ್ಯಾಗ ಹಾಲ ಕಣ್ಣಿಗೆ ಕಾಣತಾವು. ನಿನಗ ಹಾಕಿದ್ದು ಎಲ್ಲಿ ಹೋಗತೈತಿ, ನಾ ಹ್ಯಾಂಗ ನೋಡ್ಲಿ?”

ಅವ್ವ ಪಕ್ಕಕ್ಕೆ ಸರಿದಳು. ಪಡಸಾಲೆಯ ಕಂಬಕ್ಕೆ ಒರಗಿ ಕೂತು ಕೂಸನ್ನು ಬತ್ತಿದ ಎದೆಗೆ ಹಚ್ಚಿಕೊಂಡಳು. ಆಯಿ ಕೆಟ್ಟವಳಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ತನ್ನ ಪಾಲಿನ ಅಂಬಲಿಯನ್ನೂ ಅವಳು ನನಗೆ ಕುಡಿಸುತ್ತಿದ್ದಳು. ಆದರೆ ಅವಳಿಗೆ ಕಣ್ಣಿಗೆ ಕಂಡದ್ದೇ ಲೆಕ್ಕ. ಮುಂದೆ ನಾನೇ ಹುಕ್ಕೇರಿಯ ಶಾಲೆಯಲ್ಲಿ ಹಲಗೆಯ ಮೇಲೆ ಹುಲ್ಲು, ಮೇಕೆ, ಮನುಷ್ಯ ಎಂದು ಚಿತ್ರ ಬರೆದು ಪಾಠ ಮಾಡಿದೆ. ಒಂದು ಜೀವದ ಶಕ್ತಿ ಇನ್ನೊಂದಕ್ಕೆ ದಾಟುವಾಗ ಪೂರ್ತಿ ದಾಟುವುದಿಲ್ಲ. ಮೇಕೆ ತಿಂದದ್ದರಲ್ಲಿ ಬಹುಪಾಲು ಮೇಕೆ ನಡೆಯುವುದಕ್ಕೆ, ಮೆಲ್ಲುವುದಕ್ಕೆ, ಮೈ ಬೆಚ್ಚಗಿಡುವುದಕ್ಕೇ ಮುಗಿದು, ಮುಂದಿನವರಿಗೆ ಸಿಗುವುದು ಚೂರು. ನಡುವೆ ಒಂದು ಜೀವ ಹೆಚ್ಚಾದಷ್ಟೂ ಕೊನೆಯವರಿಗೆ ಕಡಿಮೆ. ಮಕ್ಕಳು ಬಾಯಿಪಾಠ ಮಾಡಿದರು. ಒಂದು ಚಿತ್ರದಿಂದ ಇನ್ನೊಂದಕ್ಕೆ ಬಾಣ ಬರೆಯುವಾಗ ಪ್ರತಿ ಸಲವೂ ನನ್ನ ಕೈ ನಿಲ್ಲುತ್ತಿತ್ತು. ಅವ್ವನಿಗೆ ಇದೆಲ್ಲ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಅವಳಿಗೆ ಹಸಿವಾಗಿತ್ತು, ಅಷ್ಟೆ.

ಅದಾದ ಮೇಲೆ ಅವ್ವ ಎಮ್ಮೆಯ ದೋಣಿಯಿಂದ ತಿನ್ನತೊಡಗಿದಳು. ಆಯಿ ನುಚ್ಚು ಸುರಿದು ಅಡಿಗೆಮನೆಗೆ ಹೋದ ಮೇಲೆ ಮೆಟ್ಟಿಲಿಳಿದು ಬಂದು, ಎಮ್ಮೆಯ ಮೂತಿಯನ್ನು ಮೊಣಕೈಯಿಂದ ಸರಿಸಿ, ಬಿಸಿಯಾದದ್ದನ್ನು ಮುಷ್ಟಿ ಮುಷ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹತ್ತಿಕಾಳಿನ ಸಿಪ್ಪೆ ಉಗುಳುತ್ತಿದ್ದಳು. ನನ್ನನ್ನು ಕಂಡರೆ ನನ್ನ ಬಾಯಿಗೂ ಒಂದು ತುತ್ತು ಇಡುತ್ತಿದ್ದಳು. ಉಪ್ಪಿಲ್ಲ, ಖಾರವಿಲ್ಲ, ಎಮ್ಮೆಯ ಜೊಲ್ಲಿನ ವಾಸನೆ. ಆದರೂ ನುಂಗುತ್ತಿದ್ದೆ. ಒಂದು ದಿನ ತುತ್ತು ಬಾಯಿಗಿಟ್ಟ ಅವ್ವ ಹಾಗೇ ನಿಂತಳು. ನನಗೂ ಕೊಟ್ಟಳು. ನುಚ್ಚಿನಲ್ಲಿ ಉಪ್ಪು ಇತ್ತು, ಹದವಾಗಿ, ಮನುಷ್ಯರ ನಾಲಗೆಗೆ ಹಾಕುವಷ್ಟು. ಜೊತೆಗೆ ಒಂದಿಷ್ಟು ಜಜ್ಜಿದ ಬೆಳ್ಳುಳ್ಳಿ, ಬಾಣಂತಿಗೆ ಹಾಲು ಇಳಿಯಲೆಂದು ಹಾಕುವಂಥದು. ಎಮ್ಮೆಗೆ ಯಾರು ಬೆಳ್ಳುಳ್ಳಿ ಜಜ್ಜಿ ಹಾಕುತ್ತಾರೆ? ಅಡಿಗೆಮನೆಯಲ್ಲಿ ಆಯಿ ನಮ್ಮ ಕಡೆ ಬೆನ್ನು ಮಾಡಿ ಒಲೆ ಊದುತ್ತಿದ್ದಳು, ಒಲೆಯಲ್ಲಿ ಬೆಂಕಿ ಮಾತ್ರ ಇರಲಿಲ್ಲ. ಅಂದಿನಿಂದ ದೋಣಿಗೆ ಬೀಳುವ ನುಚ್ಚಿನಲ್ಲಿ ದಿನವೂ ಉಪ್ಪು ಇರುತ್ತಿತ್ತು.

ಅವ್ವನ ಕೆನ್ನೆಗೆ ಸ್ವಲ್ಪ ಬಣ್ಣ ಬಂತು. ಎದೆ ಭಾರವಾಗುತ್ತಿದೆ ಎಂದು ಒಂದು ಬೆಳಗ್ಗೆ ಅವಳೇ ನನಗೆ ಹೇಳಿದಳು, ನಾಚಿಕೊಂಡು, ಗುಟ್ಟು ಹೇಳುವವಳಂತೆ. ನಾನು ದೇವರಿಗೆ ಕೈ ಮುಗಿದೆ. ಆದರೆ ಕೂಸಿಗೆ ಎಳೆದು ಕುಡಿಯುವ ತ್ರಾಣವೇ ಉಳಿದಿರಲಿಲ್ಲ. ಕೆಳಗಿನ ಕಾವು ನಿಂತುಹೋಗಿತ್ತು, ತಟ್ಟದೆ ಬಿಟ್ಟ ಕುಳ್ಳು ಈಗ ಬೇಕೆಂದರೆ ಎಲ್ಲಿಂದ ಬರಬೇಕು? ಹಸಿ ಸಗಣಿ ಉರಿಯುವುದಿಲ್ಲ. ಹೊರಸಿನ ಹಗ್ಗ, ಹಳೆಯ ಮೊರ, ಬಾಗಿಲ ಹಿಂದಿನ ಅಗಳಿ, ಸಿಕ್ಕಿದ್ದನ್ನೆಲ್ಲ ಆಯಿ ಶೇಗಡಿಗೆ ಹಾಕಿದಳು. ಕೂಸನ್ನು ಎದೆಗೆ ಕಟ್ಟಿಕೊಂಡು ಕೂತಳು, ಎಮ್ಮೆಯ ಹೊಟ್ಟೆಗೆ ಒತ್ತಿ ಮಲಗಿಸಿದಳು. ಕೂಸು ತನ್ನೊಳಗೆ ಇದ್ದಬಿದ್ದದ್ದನ್ನೆಲ್ಲ ಮೈ ಬೆಚ್ಚಗಿಟ್ಟುಕೊಳ್ಳುವುದಕ್ಕೇ ಖರ್ಚು ಮಾಡುತ್ತಿತ್ತು, ಬೆಳೆಯುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಉಗುರಿಗೆ ಮತ್ತೆ ನೀಲಿ ಬಂತು. ನಾವು ಮೂವರೂ ಅದನ್ನು ಸುತ್ತುವರಿದು ಉಸಿರು ಬಿಡುತ್ತಿದ್ದೆವು, ನಮ್ಮ ಉಸಿರಿನ ಬಿಸಿಯಾದರೂ ತಾಗಲಿ ಎಂದು.

ಒಂದು ದಿನ ಬಿಸಿಲೇರಿದ ಮೇಲೆ ಆಯಿ ಒಳಲೆ ಹಿಡಿದು ಕೂಸಿನ ಹತ್ತಿರ ಹೋದಳು. ಯಜಮಾನರು ಏಳಲಿಲ್ಲ. ಎರಡು ಸಲ ಹಾಗೇ ಕರೆದಳು. ಆಮೇಲೆ, ಮದುವೆಯಾದಾಗಿನಿಂದ ಒಮ್ಮೆಯೂ ಬಾಯಿಂದ ತೆಗೆಯದ ಹೆಸರನ್ನು ತೆಗೆದಳು.

“ಕಲ್ಲಪ್ಪಾ. ಏಳೋ ನನ್ನಪ್ಪಾ.”

ಆ ಹೆಸರು ಅವಳ ಬಾಯಿಂದ ಕೇಳಿದ ಕೂಡಲೇ ಅವ್ವನಿಗೆ ತಿಳಿಯಿತು. ಹೊಲದ ಬದುವಿನಲ್ಲಿ, ಅಜ್ಜನ ಮಗ್ಗುಲಲ್ಲಿ ಮಣ್ಣು ಮಾಡಿದರು. ಅಪ್ಪ ಕೊಣ್ಣೂರಿನಿಂದ ಬಂದು ಮುಟ್ಟಿದ್ದು ಅದೆಲ್ಲ ಮುಗಿದ ಮೇಲೆ. ಧೋತರದ ತುದಿಯಲ್ಲಿ ಬೆಲ್ಲ ಕಟ್ಟಿಕೊಂಡು ಬಂದಿದ್ದ. ಆ ಗಂಟು ಬಿಚ್ಚದೆಯೇ ಮೆಟ್ಟಿಲ ಮೇಲೆ ಕೂತುಬಿಟ್ಟ.

ಅವ್ವನ ಹಾಲು ನಿಲ್ಲಲಿಲ್ಲ. ಎಮ್ಮೆಯ ದೋಣಿಯಲ್ಲಿ ತಿಂದದ್ದೆಲ್ಲ ಈಗ ಇಳಿದು ಬಂದಿತ್ತು. ಕುಪ್ಪಸ ತೊಯ್ದು, ಎದೆ ಕಲ್ಲಾಗಿ, ಅವಳು ಹಲ್ಲು ಕಚ್ಚಿಕೊಂಡು ನರಳುತ್ತಿದ್ದಳು. ಹಿಂಡಿ ಗಿಡದ ಬುಡಕ್ಕೆ ಹಾಕು, ಎಲ್ಲರೂ ಹಾಗೇ ಮಾಡುವುದು ಎಂದು ಪಕ್ಕದ ಮನೆಯವಳು ಹೇಳಿ ಹೋದಳು. ಆಯಿ ಒಂದು ಬಟ್ಟಲು ತಂದು ಮುಂದಿಟ್ಟಳು. ಅವ್ವ ಬಟ್ಟಲು ನೋಡಿದಳು, ಬಟ್ಟಲು ಹಿಡಿದಿದ್ದ ಆಯಿಯ ಕೈ ನೋಡಿದಳು.

“ಈಗ ಕಣ್ಣಿಗೆ ಕಾಣತಾವೇನ್ರಿ ಅತ್ತಿ?” ಎಂದಳು.

ಆಯಿ ಬಾಯಿಗೆ ಸೆರಗು ತುರುಕಿಕೊಂಡು ಅಲ್ಲೇ ಕುಸಿದು ಕೂತಳು. ಅವ್ವ ಬಟ್ಟಲನ್ನು ಆಚೆ ಸರಿಸಿ ನನ್ನನ್ನು ಕರೆದಳು. ನನಗೆ ಆಗ ಮುಂದಿನ ಹಲ್ಲು ಬಿದ್ದು ಹೊಸದು ಬರುವ ವಯಸ್ಸು. ನಾಚಿಕೆಯಾಗಿ ಕಂಬದ ಹಿಂದೆ ನಿಂತೆ. ಮೈಯೆಲ್ಲ ಎಲುಬಾಗಿದ್ದ ನನ್ನ ಕೈ ಹಿಡಿದು ಅವಳೇ ಎಳೆದುಕೊಂಡು ತೊಡೆಯ ಮೇಲೆ ಮಲಗಿಸಿಕೊಂಡಳು.

“ಕುಡಿ, ನೀಲೀ. ಚೆಲ್ಲಾಕ ನನ್ನ ಕಡೆ ಏನೂ ಉಳದಿಲ್ಲ.”

ನನ್ನ ಕಾಲು ಅವಳ ತೊಡೆಯಿಂದ ಜಾರಿ, ಹಗೇವು ಇದ್ದ ತಣ್ಣಗಿನ ನೆಲಕ್ಕೆ ತಾಗುತ್ತಿತ್ತು. ಕಣ್ಣು ಮುಚ್ಚಿಕೊಂಡು ಕುಡಿದೆ. ಹಾಲು ಬೆಚ್ಚಗಿತ್ತು.